ಚಿಗರಿಯ ಹೊಟ್ಟೆಯಲ್ಲಿ ಕಂಡ ಜಂತುಹುಳು: ನಮ್ಮ ಕುರಿಗಳಿಂದ ಅದಕ್ಕೋ, ಅದರಿಂದ ನಮ್ಮ ಕುರಿಗಳಿಗೋ?

ಎರೆಹೊಲ, ಕುಕನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆಯ ಎರೆ ಭೂಮಿ. ಒಕ್ಕಲುತನದ ಜೊತೆಗೆ ಸುಮಾರು ಇನ್ನೂರು ಕುರಿಗಳನ್ನು ಸಾಕಿದ್ದೇವೆ. ಹೆಸರು ಮೊಳಕೆಯೊಡೆಯುವ ಹೊತ್ತಿಗೂ ಕಡಲೆ ಚಿಗುರುವ ಹೊತ್ತಿಗೂ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಹೊಲಕ್ಕೆ ಇಳಿಯುವುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ. ಬೈಯುತ್ತೇವೆ, ಓಡಿಸುತ್ತೇವೆ, ಆದರೂ ಅವು ನಮ್ಮ ಊರಿನವೇ ಎಂಬ ಭಾವನೆ ಮನಸ್ಸಿನಲ್ಲಿ ಇದ್ದೇ ಇದೆ.

ಕಳೆದ ವಾರ ನಮ್ಮ ಕೃಷಿ ಹೊಂಡದ ಹತ್ತಿರ ಒಂದು ಎಳೆಯ ಗಂಡು ಚಿಗರಿ ಸತ್ತು ಬಿದ್ದಿತ್ತು. ಅರಣ್ಯ ಇಲಾಖೆಗೆ ತಿಳಿಸಿದೆವು. ಸಿಬ್ಬಂದಿಯವರು ಪಶುವೈದ್ಯರನ್ನು ಕರೆದುಕೊಂಡು ಬಂದು ಅಲ್ಲಿಯೇ ಮರಣೋತ್ತರ ಪರೀಕ್ಷೆ ಮಾಡಿಸಿದರು. ಮೈಮೇಲೆ ಗಾಯವಿರಲಿಲ್ಲ, ನಾಯಿ ಕಚ್ಚಿದ ಗುರುತೂ ಇರಲಿಲ್ಲ. ವೈದ್ಯರು ಹೊಟ್ಟೆಯ ಕೊನೆಯ ಚೀಲವನ್ನು ಕೊಯ್ದು, ಒಳಗಿದ್ದುದನ್ನು ನೀರು ತುಂಬಿದ ತಟ್ಟೆಗೆ ಜಾಲಾಡಿಸಿ, ನಾನು ಸ್ವಲ್ಪ ದೂರದಲ್ಲಿ ನಿಂತಿದ್ದವನನ್ನು ಕರೆದು ತೋರಿಸಿದರು. ದಾರದಷ್ಟು ಸಣ್ಣ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹುಳುಗಳು, ಕೆಂಪು ಎಳೆಯನ್ನೂ ಬಿಳಿ ಎಳೆಯನ್ನೂ ಸೇರಿಸಿ ಹೊಸೆದ ಹಾಗೆ, ಇನ್ನೂ ಮೆಲ್ಲಗೆ ನುಲಿಯುತ್ತಿದ್ದವು. ಒಂದೆರಡಲ್ಲ, ತಟ್ಟೆಯ ತಳವೇ ಕಾಣುತ್ತಿರಲಿಲ್ಲ. ಮಾಂಸ ನೀರಿನಲ್ಲಿ ನೆನೆಸಿಟ್ಟ ಹಾಗೆ ಬಿಳಿಚಿಕೊಂಡಿತ್ತು. ಆಮೇಲೆ ಕಳೇಬರವನ್ನು ಸುಟ್ಟುಹಾಕಿದರು.

ನನ್ನನ್ನು ಕಾಡುತ್ತಿರುವ ವಿಷಯ ಇದು. ಇಂಥದೇ ಹುಳುಗಳನ್ನು ಜಾತ್ರೆಯಲ್ಲಿ ಕೊಯ್ದ ನಮ್ಮ ಕುರಿಗಳ ಹೊಟ್ಟೆಯಲ್ಲಿಯೂ ಕಂಡಿದ್ದೇನೆ. ಈ ವರ್ಷ ನಮ್ಮ ಏಳೆಂಟು ಮರಿಗಳಿಗೆ ಗದ್ದದ ಕೆಳಗೆ ಚೀಲ ಕಟ್ಟಿದ ಹಾಗೆ ನೀರು ತುಂಬಿಕೊಂಡಿದೆ. ಹಾಗಾದರೆ ರೋಗ ಬಂದದ್ದು ಚಿಗರಿಯಿಂದ ಕುರಿಗೋ, ಕುರಿಯಿಂದ ಚಿಗರಿಗೋ? ಊರಿನ ಕೆಲವು ಯುವಕರು ಹೊಂಡದ ಪಕ್ಕದಲ್ಲಿ ತೊಟ್ಟಿ ಇಟ್ಟು, ನೀರಿಗೆ ಜಂತಿನ ಔಷಧಿ ಬೆರೆಸಿ ಚಿಗರಿಗಳಿಗೆ ಕುಡಿಸೋಣ ಎನ್ನುತ್ತಿದ್ದಾರೆ. ಅದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಪಶುವೈದ್ಯ, ರಾಯಚೂರು

ನೀವು ವರ್ಣಿಸಿದ ಹುಳು ಬಹುಮಟ್ಟಿಗೆ ಹೀಮಾಂಕಸ್ ಕಂಟಾರ್ಟಸ್ ಎಂಬುದೇ ಇರಬೇಕು. ಕುರಿ, ಆಡು, ಜಿಂಕೆ, ಚಿಗರಿ ಮೊದಲಾದ ಮೆಲುಕು ಹಾಕುವ ಪ್ರಾಣಿಗಳ ನಾಲ್ಕನೆಯ ಹೊಟ್ಟೆ ಇದರ ಮನೆ. ಹೊಸೆದ ದಾರದ ಹಾಗೆ ಕಾಣುವುದು ಹೆಣ್ಣು ಹುಳು ಮಾತ್ರ: ಕುಡಿದ ರಕ್ತದಿಂದ ಕೆಂಪಾದ ಕರುಳಿನ ಸುತ್ತ ಬಿಳಿಯ ಅಂಡಾಶಯ ಬಳ್ಳಿಯಂತೆ ಸುತ್ತಿಕೊಂಡಿರುವುದರಿಂದ ಆ ಬಣ್ಣ. ಗಂಡು ಇದಕ್ಕಿಂತ ಚಿಕ್ಕದು, ಒಂದೇ ಬಣ್ಣದ್ದು.

ಮೊದಲಿಗೆ ಒಂದು ಎಚ್ಚರಿಕೆ. ಹೊಟ್ಟೆಯಲ್ಲಿ ಹುಳುವಿತ್ತು ಎಂದ ಮಾತ್ರಕ್ಕೆ ಪ್ರಾಣಿ ಹುಳುವಿನಿಂದಲೇ ಸತ್ತಿತು ಎಂದು ತೀರ್ಮಾನಿಸಬಾರದು. ಕಾಡುಪ್ರಾಣಿಯ ಹೊಟ್ಟೆಯಲ್ಲಿ ಅಷ್ಟಿಷ್ಟು ಹುಳುಗಳಿರುವುದು ಸಹಜ. ಅವುಗಳನ್ನು ಹೊತ್ತುಕೊಂಡೇ ಅದು ಓಡುತ್ತದೆ, ಮರಿ ಹಾಕುತ್ತದೆ. ನಾಯಿಗಳು ಬಹಳ ದೂರ ಅಟ್ಟಿಸಿಕೊಂಡು ಹೋದರೆ ಮೈಮೇಲೆ ಒಂದು ಗೀರೂ ಇಲ್ಲದೆ ಚಿಗರಿ ಸ್ನಾಯುಗಳು ಕೆಟ್ಟು ಸಾಯುವುದುಂಟು. ಆದರೆ ನೀವು ಹೇಳಿದ ಬಿಳಿಚಿಕೊಂಡ ಮಾಂಸ ಈ ಪ್ರಕರಣದಲ್ಲಿ ಹುಳುವಿನ ಕಡೆಗೇ ಬೆರಳು ತೋರಿಸುತ್ತದೆ. ಹೃದಯದ ಸುತ್ತಲಿನ ಕೊಬ್ಬು ಕರಗಿ ಅಂಟಿನಂತೆ ಆಗಿತ್ತೇ, ಹೊಟ್ಟೆಯ ಒಳಗೆ ನೀರು ನಿಂತಿತ್ತೇ ಎಂದು ಪರೀಕ್ಷೆ ಮಾಡಿದ ವೈದ್ಯರನ್ನು ಕೇಳಿ ನೋಡಿ.

ಲೆಕ್ಕ ಹಾಕಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿಲಿ ಲೀಟರ್ ರಕ್ತ ನಷ್ಟವಾಗುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿ ಲೀಟರ್. 30 ಕಿಲೋ ತೂಕದ ಚಿಗರಿಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು. ಪ್ರಾಣಿ ಹೊಸ ರಕ್ತ ತಯಾರಿಸಿಕೊಳ್ಳುತ್ತಲೇ ಇರುತ್ತದೆ ನಿಜ, ಆದರೆ ಕಬ್ಬಿಣದ ಅಂಶವೂ ಪ್ರೋಟೀನೂ ಎಷ್ಟು ದಿನ ಸಾಕಾದೀತು? ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ನೀರು ರಕ್ತನಾಳದಿಂದ ಹೊರಗೆ ಜಿನುಗಿ, ತಲೆ ಬಾಗಿಸಿ ಮೇಯುವ ಪ್ರಾಣಿಗೆ ಗದ್ದದ ಕೆಳಗೆ ಬಂದು ನಿಲ್ಲುತ್ತದೆ. ನಿಮ್ಮ ಮರಿಗಳ ಗದ್ದದ ಚೀಲ ಇದೇ. ಈ ಹುಳುವಿನಿಂದ ಭೇದಿ ಆಗುವುದು ಕಡಿಮೆ. ಹಿಕ್ಕೆ ಗಟ್ಟಿಯಾಗಿಯೇ ಇರುವುದರಿಂದ ಕುರಿಗಾಹಿಗಳಿಗೆ ತಡವಾಗಿ ತಿಳಿಯುತ್ತದೆ.

ಇನ್ನು ಯಾರಿಂದ ಯಾರಿಗೆ ಎಂಬ ಪ್ರಶ್ನೆ. ಹುಳು ಎರಡೂ ಕಡೆಗೆ ದಾಟಬಲ್ಲದು, ಆದರೆ ತೂಕ ಎತ್ತ ಕಡೆಗಿದೆ ಎಂಬುದನ್ನು ನೋಡಬೇಕು. ಒಂದು ಹೆಣ್ಣು ಹುಳು ದಿನಕ್ಕೆ ಕನಿಷ್ಠ 5,000 ಮೊಟ್ಟೆ ಇಡುತ್ತದೆ ಎಂದಿಟ್ಟುಕೊಳ್ಳಿ. ಕುರಿಯೊಂದರಲ್ಲಿ ಬರೀ ನೂರು ಹೆಣ್ಣು ಹುಳುಗಳಿದ್ದರೂ ದಿನಕ್ಕೆ ಐದು ಲಕ್ಷ ಮೊಟ್ಟೆ. ಇನ್ನೂರು ಕುರಿಗಳಿಂದ ಹತ್ತು ಕೋಟಿ. ಅಷ್ಟೇ ಹುಳು ಹೊತ್ತ ಇಪ್ಪತ್ತು ಚಿಗರಿಗಳ ಹಿಂಡು ಉದುರಿಸುವುದು ಒಂದು ಕೋಟಿ, ಅದೂ ಹತ್ತಾರು ಹೊಲಗಳಲ್ಲಿ ಚದುರಿ. ನಿಮ್ಮ ಮಂದೆಯಾದರೋ ಒಂದೇ ಜಾಗದಲ್ಲಿ ರಾತ್ರಿಯೆಲ್ಲ ಮಲಗುತ್ತದೆ. ಆದ್ದರಿಂದ ಸಾಲಗಾರ ಚಿಗರಿಯಲ್ಲ, ನೀವೇ ಎಂದು ಬೇಸರವಿಲ್ಲದೆ ಒಪ್ಪಿಕೊಳ್ಳುವುದು ಒಳ್ಳೆಯದು.

ನನಗೆ ಹೆಚ್ಚು ಅನುಮಾನ ಇರುವುದು ಆ ಹೊಂಡದ ಬುಡದ ಮೇಲೆ. ಬಿದ್ದ ಮೊಟ್ಟೆಗೆ ಶಾಖವೂ ತೇವವೂ ಒಟ್ಟಿಗೆ ಸಿಕ್ಕರೆ ವಾರದೊಳಗೆ ಅದು ಸೋಂಕು ಹರಡಬಲ್ಲ ಮರಿಹುಳುವಾಗಿ, ಹುಲ್ಲಿನ ಮೇಲಿನ ತೆಳುವಾದ ನೀರಿನ ಪದರದಲ್ಲಿ ತೆವಳುತ್ತದೆ. ನಮ್ಮ ಬಯಲುಸೀಮೆಯ ಬಿಸಿಲು ಇದಕ್ಕೆ ದೊಡ್ಡ ಶತ್ರು. ಒಣ ಎರೆಯ ಮೇಲೆ ಬಿದ್ದ ಮೊಟ್ಟೆಗಳು ಬಹುಪಾಲು ಸುಟ್ಟುಹೋಗುತ್ತವೆ. ಆದರೆ ಮಳೆಗಾಲದ ಕೊನೆಯಲ್ಲಿ ಸುತ್ತಲೂ ಒಣಗುತ್ತಾ ಬಂದು, ಹೊಂಡದ ಬುಡದಲ್ಲಿ ಮಾತ್ರ ಹತ್ತು ಮಾರು ಹಸಿರು ಉಳಿದಿದ್ದರೆ, ಕುರಿಯೂ ಅಲ್ಲಿಗೇ ಬರುತ್ತದೆ, ಚಿಗರಿಯೂ ಅಲ್ಲಿಗೇ ಬರುತ್ತದೆ, ಹುಳುವೂ ಅಲ್ಲಿಯೇ ಕಾಯುತ್ತಿರುತ್ತದೆ. ಮೇವು ನೆಲಮಟ್ಟಕ್ಕೆ ಬಂದಷ್ಟೂ ಪ್ರಾಣಿ ಹುಲ್ಲಿನ ಬುಡವನ್ನೇ ಕಚ್ಚುತ್ತದೆ, ಮತ್ತು ಮರಿಹುಳುಗಳು ಹೆಚ್ಚಾಗಿ ಇರುವುದು ಆ ಬುಡದಲ್ಲಿಯೇ.

ಮರಿಗಳಿಗೆ ಇಂದೇ ಚಿಕಿತ್ಸೆ ಕೊಡಿಸಿ, ಕಾಯಬೇಡಿ. ಉಳಿದ ಮಂದೆಗೆ ಔಷಧಿ ಕೊಡುವ ಮೊದಲು ಹತ್ತು ಹದಿನೈದು ಕುರಿಗಳ ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಕುರಿಯ ಕೆಳರೆಪ್ಪೆಯನ್ನು ಬಿಡಿಸಿ ನೋಡುವುದನ್ನೂ ಕಲಿತುಕೊಳ್ಳಿ: ಒಳಗಡೆ ದಾಳಿಂಬೆ ಕಾಳಿನ ಕೆಂಪು ಇದ್ದರೆ ಚಿಂತೆಯಿಲ್ಲ, ಸುಣ್ಣ ಬಳಿದ ಹಾಗಿದ್ದರೆ ಆ ಕುರಿಗೆ ಔಷಧಿ ಬೇಕೇ ಬೇಕು. ದಕ್ಷಿಣ ಆಫ್ರಿಕಾದ ಪಶುವೈದ್ಯರು ಇದಕ್ಕಾಗಿ ಐದು ಬಣ್ಣಗಳ ಒಂದು ಪಟ್ಟಿಯನ್ನೇ ಮಾಡಿದ್ದಾರೆ. ಹೀಮಾಂಕಸ್ ಇರುವ ಹಲವು ದೇಶಗಳಲ್ಲಿ ಅದು ಬಳಕೆಯಲ್ಲಿದೆ.

ಕೆಂಗುರಿ ಮಂದೆ, ಲಿಂಗಸುಗೂರು

ವೈದ್ಯರ ಮಾತಿಗೆ ಎದುರಾಡುವುದಿಲ್ಲ, ಆದರೆ ಕುರಿಗಾಹಿಗಳೇ ಸಾಲಗಾರರು ಎಂಬಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಮನೆತನ ತಲೆಮಾರುಗಳಿಂದ ಕೆಂಗುರಿ ಸಾಕುತ್ತಾ ಬಂದಿದೆ. ಚಿಗರಿಗಳೂ ನಮ್ಮ ಕುರಿಗಳೂ ಒಂದೇ ಗಾಯರಾಣದಲ್ಲಿ, ಅಂದರೆ ಊರ ಗೋಮಾಳದಲ್ಲಿ, ಮೇಯ್ದದ್ದನ್ನು ನಮ್ಮ ಮುತ್ತಜ್ಜಂದಿರೂ ಕಂಡಿದ್ದರು. ಆಗ ಮಂದೆ ಒಂದು ಕಡೆ ನಾಲ್ಕು ದಿನ ನಿಂತರೆ ಹೆಚ್ಚು. ಇವತ್ತು ಈ ಹೊಲ, ನಾಳೆ ಆ ಹೊಲ, ಹಿಂಗಾರಿ ಸುಗ್ಗಿ ಮುಗಿದ ಮೇಲೆ ಬೇರೆ ಜಿಲ್ಲೆ. ಹುಳು ಮರಿಯಾಗುವ ಹೊತ್ತಿಗೆ ನಾವು ಅಲ್ಲಿ ಇರುತ್ತಲೇ ಇರಲಿಲ್ಲ. ಈಗ ಗಾಯರಾಣ ಸಾಗುವಳಿಯಾಗಿದೆ, ದಾರಿಗಳಿಗೆ ತಂತಿ ಬೇಲಿ ಬಂದಿದೆ, ಉಳಿದ ಒಂದು ತುಂಡು ಹಸಿರಿನಲ್ಲಿ ಎಲ್ಲರ ಕುರಿಗಳೂ ಎಲ್ಲ ಚಿಗರಿಗಳೂ ಗುಂಪಾಗಿ ಬಾಯಿ ಹಾಕುತ್ತಿವೆ.

ಇಬ್ಬನಿ ಆರುವ ತನಕ ಕುರಿ ಬಿಡಬಾರದು ಎಂದು ನಮ್ಮ ಅಜ್ಜ ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಕಾರಣ ಕೇಳಿದರೆ ಹುಲ್ಲು ತಣ್ಣಗಿದೆ, ಕುರಿಗೆ ನೆಗಡಿಯಾಗುತ್ತದೆ ಎನ್ನುತ್ತಿದ್ದರು. ಹುಳು ನೀರಿನ ಪದರದಲ್ಲಿ ತೆವಳುತ್ತದೆ ಎಂದು ವೈದ್ಯರು ಬರೆದದ್ದನ್ನು ಓದಿದಾಗ ಅಜ್ಜನ ಕಾರಣ ತಪ್ಪಾಗಿದ್ದರೂ ಕೆಲಸ ಸರಿಯಾಗಿತ್ತು ಎನಿಸಿತು. ಈಗ ಕೂಲಿಗೆ ಬರುವ ಹುಡುಗರಿಗೆ ಮಧ್ಯಾಹ್ನ ಬೇಗ ಮನೆ ಸೇರುವ ಅವಸರ, ಹೀಗಾಗಿ ಬೆಳಗ್ಗೆ ಆರಕ್ಕೇ ಮಂದೆ ಎಬ್ಬಿಸುತ್ತಾರೆ.

ಕುಕನೂರಿನ ಅಣ್ಣನವರಿಗೆ ಇನ್ನೊಂದು ವಿಷಯ. ಚಿಗರಿಯನ್ನು ಸುಟ್ಟದ್ದು ಒಳ್ಳೆಯದಾಯಿತು. ನಮ್ಮಲ್ಲಿ ಸತ್ತ ಮರಿಯನ್ನು ಬೇಲಿಯಾಚೆ ಎಸೆದು ನಾಯಿಗೆ ಬಿಡುವ ರೂಢಿ ಇದೆ. ನಾಲ್ಕು ವರ್ಷದ ಹಿಂದೆ ನಮ್ಮ ಮಂದೆಯಲ್ಲಿ ಒಂದು ಹೋತಮರಿ ತಲೆ ಓರೆ ಮಾಡಿಕೊಂಡು ಒಂದೇ ಕಡೆಗೆ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಸತ್ತ ಮೇಲೆ ವೈದ್ಯರು ತಲೆ ಒಡೆದು ನೋಡಿದರೆ ಮಿದುಳಿನೊಳಗೆ ನಿಂಬೆಹಣ್ಣಿನಷ್ಟು ನೀರುಗುಳ್ಳೆ, ಅದರ ಒಳಗೋಡೆಗೆ ಅಕ್ಕಿನುಚ್ಚು ಅಂಟಿಸಿದ ಹಾಗೆ ಬಿಳಿ ಚುಕ್ಕೆಗಳು. ಆ ಒಂದೊಂದು ಚುಕ್ಕೆಯೂ ನಾಯಿಯ ಹೊಟ್ಟೆ ಸೇರಿದರೆ ಒಂದೊಂದು ಲಾಡಿಹುಳುವಾಗುತ್ತದೆ ಎಂದು ಅವರು ಹೇಳಿದ ಮೇಲೆ ನಮ್ಮಲ್ಲಿ ಯಾರೂ ಕುರಿಯ ತಲೆಯನ್ನು ನಾಯಿಗೆ ಹಾಕಿಲ್ಲ.

ಭತ್ತದ ನಾಡು, ಗಂಗಾವತಿ

ಇದೇ ಎಳೆಯಲ್ಲಿ ನನ್ನದೊಂದು ಪ್ರಶ್ನೆ. ನಮ್ಮ ಕಡೆ ಕದ್ದುಮುಚ್ಚಿ ಮೊಲ ಮತ್ತು ಕಾಡುಹಂದಿ ತಿನ್ನುವವರು ಇದ್ದಾರೆ. ಮೊಲದ ಹೊಟ್ಟೆಯಲ್ಲಿ ಬಟಾಣಿ ಕಾಳಿನ ಗಾತ್ರದ ನೀರುಗುಳ್ಳೆಗಳು ಗೊಂಚಲಾಗಿ ಇರುತ್ತವೆಂದೂ, ಅವನ್ನು ಕಿತ್ತು ನಾಯಿಗೆ ಹಾಕಿ ಮಾಂಸವನ್ನು ಬೇಯಿಸಿ ತಿಂದರೆ ಏನೂ ಆಗುವುದಿಲ್ಲವೆಂದೂ ಹೇಳುತ್ತಾರೆ. ಇದು ನಿಜವೇ?

ನಿವೃತ್ತ ಪಶುವೈದ್ಯ, ರಾಯಚೂರು

ವನ್ಯಜೀವಿಗಳ ಬೇಟೆ 1972ರ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ಮೊದಲು ಹೇಳಿಯೇ ಮುಂದುವರಿಯುತ್ತೇನೆ.

ಮೊಲದ ಬಟಾಣಿ ಗುಳ್ಳೆ ನಾಯಿಯ ಲಾಡಿಹುಳುವಿನ ಮರಿ ರೂಪ. ಅದನ್ನು ತಿಂದ ಮನುಷ್ಯನಿಗೆ ಆ ಹುಳು ಹಿಡಿಯುವುದಿಲ್ಲ. ಆದರೆ ಕಿತ್ತು ನಾಯಿಗೆ ಹಾಕುತ್ತಾರಲ್ಲ, ತಪ್ಪು ನಡೆಯುವುದು ಅಲ್ಲಿಯೇ: ಹುಳುವಿಗೆ ಬೇಕಾಗಿದ್ದ ಮನೆಯನ್ನು ಇವರೇ ಕೈಯಾರೆ ಒದಗಿಸಿಕೊಟ್ಟ ಹಾಗಾಯಿತು. ಕುರಿಯ ಯಕೃತ್ತಿನಲ್ಲಿಯೂ ಶ್ವಾಸಕೋಶದಲ್ಲಿಯೂ ಕಾಣುವ ಹೈಡಾಟಿಡ್ ಗುಳ್ಳೆಯ ಕಥೆ ಇದಕ್ಕಿಂತ ಗಂಭೀರ. ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಒಂದು ಸೆಂಟಿಮೀಟರ್ ಕೂಡ ಇಲ್ಲದ ಹುಳುಗಳು ಸಾವಿರಗಟ್ಟಲೆ ಬೆಳೆಯುತ್ತವೆ. ಅದರ ಮಲದಲ್ಲಿ ಬಂದ ಮೊಟ್ಟೆ ಮಕ್ಕಳ ಕೈಗೆ, ಸೊಪ್ಪಿಗೆ, ನೀರಿಗೆ ಅಂಟಿ ಹೊಟ್ಟೆ ಸೇರಿದರೆ ಮನುಷ್ಯನ ಯಕೃತ್ತಿನಲ್ಲಿಯೂ ಗುಳ್ಳೆ ಕಟ್ಟುತ್ತದೆ. ವರ್ಷಗಟ್ಟಲೆ ತಿಳಿಯುವುದೇ ಇಲ್ಲ. ಮಂದೆಯ ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆಯನ್ನು ಆರೇಳು ವಾರಕ್ಕೊಮ್ಮೆ ಕೊಡಿಸಬೇಕು ಎನ್ನುವುದು ಇದಕ್ಕಾಗಿಯೇ, ಏಕೆಂದರೆ ಹುಳು ಮೊಟ್ಟೆ ಇಡುವ ಹಂತಕ್ಕೆ ಬರಲು ಅಷ್ಟು ಕಾಲ ಬೇಕು.

ಕಾಡುಹಂದಿಯದು ಬೇರೆಯೇ ಅಪಾಯ. ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿಗಳು ಅದರ ಮಾಂಸದೊಳಗೆ ಸುರುಳಿ ಸುತ್ತಿಕೊಂಡು ಕುಳಿತಿರಬಹುದು, ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಅಪರೂಪವಾದರೂ ಉತ್ತರಾಖಂಡದಲ್ಲಿ ಕಾಡುಹಂದಿ ತಿಂದವರಿಗೆ ಈ ರೋಗ ಬಂದದ್ದುಂಟು. ಉಪ್ಪು ಹಚ್ಚಿ ಒಣಗಿಸಿದ ಅಥವಾ ಕೆಂಡದ ಮೇಲೆ ಅರೆಬರೆ ಸುಟ್ಟ ಮಾಂಸದಲ್ಲಿ ಅದು ಸಾಯುತ್ತದೆಂಬ ಭರವಸೆಯಿಲ್ಲ. ಮಾಂಸದ ಒಳಭಾಗಕ್ಕೆ 71 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಬೇಕು.

ಹುಲ್ಲುಗಾವಲು, ಸಿರುಗುಪ್ಪ

ತೊಟ್ಟಿಯಲ್ಲಿ ಔಷಧಿ ಬೆರೆಸುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಳ್ಳಾರಿ ಜಿಲ್ಲೆಯ ನಮ್ಮ ಎರೆ ಬಯಲಿನಲ್ಲಿ ಎರೆಭೂತ ಹಕ್ಕಿಯನ್ನೂ ಚಿಗರಿಯನ್ನೂ ನೋಡುತ್ತಾ ಹಲವು ವರ್ಷ ಅಲೆದಿದ್ದೇನೆ. ನಿಮ್ಮ ಯುವಕರ ಮನಸ್ಸು ಒಳ್ಳೆಯದೇ, ಆದರೆ ದಯವಿಟ್ಟು ಆ ಕೆಲಸ ಮಾಡಬೇಡಿ.

ಕಾಡುಪ್ರಾಣಿಗೆ ಜಂತಿನ ಔಷಧಿ ಕೊಟ್ಟು ನೋಡಿದವರು ಲೋಕದಲ್ಲಿ ಇಲ್ಲವೆಂದಲ್ಲ. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಬಯಲುಗಳಲ್ಲಿ ಬೇಟೆಗೆಂದೇ ಕಾಪಾಡುವ ಕೆಂಪು ಗ್ರೌಸ್ ಎಂಬ ಹಕ್ಕಿಯಿದೆ. ಅದರ ಕರುಳಿನ ಜಂತುಹುಳುವಿನಿಂದಾಗಿ ಕೆಲವು ವರ್ಷಗಳಿಗೊಮ್ಮೆ ಹಕ್ಕಿಗಳ ಸಂಖ್ಯೆ ದಿಢೀರನೆ ಕುಸಿಯುತ್ತಿತ್ತು. ಹಕ್ಕಿಗಳನ್ನು ಹಿಡಿದು ಔಷಧಿ ಕೊಟ್ಟ ಕಡೆ ಈ ಕುಸಿತ ತಗ್ಗುತ್ತದೆ ಎಂಬುದನ್ನು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಕ್ಕಿಗಳು ಕಾಳು ಅರೆಯಲು ಹರಳು ನುಂಗುತ್ತವೆಯಾದ್ದರಿಂದ ಔಷಧಿ ಲೇಪಿಸಿದ ಹರಳನ್ನೇ ಬಯಲಿನಲ್ಲಿ ಇಡುವ ಪದ್ಧತಿಯೂ ಅಲ್ಲಿದೆ. ಅಮೆರಿಕದ ಕೊಲರಾಡೊದಲ್ಲಿ ಕಾಡುಕುರಿಗಳ ಶ್ವಾಸಕೋಶದ ಹುಳುವಿಗೆ ಮೇವಿನಲ್ಲಿ ಔಷಧಿ ಬೆರೆಸಿ ಕೊಟ್ಟಿದ್ದರು. ಆದರೆ ಅವೆಲ್ಲ ತಜ್ಞರ ಕಣ್ಣೆದುರಿನಲ್ಲಿ, ಅಳತೆ ಇಟ್ಟುಕೊಂಡು ನಡೆದ ಕೆಲಸಗಳು.

ತೊಟ್ಟಿಯಲ್ಲಿ ಯಾವ ಅಳತೆ ಇರುತ್ತದೆ? ಬಲಿಷ್ಠ ಗಂಡು ಮೊದಲು ಬಂದು ಹೊಟ್ಟೆ ತುಂಬ ಕುಡಿಯುತ್ತದೆ, ಔಷಧಿ ನಿಜವಾಗಿ ಬೇಕಾಗಿದ್ದ ಬಡಕಲು ಮರಿ ದೂರ ನಿಲ್ಲುತ್ತದೆ. ಅನೇಕ ಜಂತುನಾಶಕಗಳು ನೀರಿನಲ್ಲಿ ಕರಗುವುದೇ ಇಲ್ಲ, ತಳದಲ್ಲಿ ಕೂರುತ್ತವೆ. ಅರೆಬರೆ ಪ್ರಮಾಣ ಹೊಟ್ಟೆ ಸೇರಿದಾಗ ದುರ್ಬಲ ಹುಳುಗಳು ಸತ್ತು ಔಷಧಿಗೆ ಬಗ್ಗದವು ಮಾತ್ರ ಉಳಿಯುತ್ತವೆ. ಮುಂದೆ ನಿಮ್ಮ ಕುರಿಗೂ ಆ ಔಷಧಿ ನಾಟುವುದಿಲ್ಲ. ಬ್ರಿಟನ್ನಿನ ರೋ ಜಿಂಕೆಗಳಲ್ಲಿ ಔಷಧಿಗೆ ಬಗ್ಗದ ಹೀಮಾಂಕಸ್ ಈಗಾಗಲೇ ಕಂಡುಬಂದಿದೆ, ಅಂದರೆ ಕುರಿದೊಡ್ಡಿಯಲ್ಲಿ ಹುಟ್ಟಿದ ತೊಂದರೆ ಜಿಂಕೆಯ ಬೆನ್ನೇರಿ ಬೇರೆ ದೊಡ್ಡಿಗೂ ಹೋಗಬಲ್ಲದು. ಐವರ್‌ಮೆಕ್ಟಿನ್ ಎಂಬ ಜಂತುನಾಶಕ ಸಗಣಿಯಲ್ಲಿ ಹೊರಬಿದ್ದು ಸಗಣಿ ಹುಳುಗಳನ್ನು ಕೊಲ್ಲುತ್ತದೆ. ಜಾನುವಾರಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ರಣಹದ್ದುಗಳನ್ನು ಹೇಗೆ ಬಲಿ ತೆಗೆದುಕೊಂಡಿತೆಂದು ತಿಳಿದು, 2006ರಲ್ಲಿ ಸರಕಾರ ಅದರ ಪಶುಬಳಕೆಯನ್ನು ನಿಷೇಧಿಸಿದ ಮೇಲೂ ನಾವು ಬಯಲಿನಲ್ಲಿ ಔಷಧಿ ಚೆಲ್ಲುವುದಾದರೆ ಏನು ಹೇಳುವುದು? ಅದಲ್ಲದೆ ಕೃಷ್ಣಮೃಗ, ವನ್ಯಜೀವಿ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲನೆಯ ಅನುಸೂಚಿಯ ಪ್ರಾಣಿ. ಅರಣ್ಯ ಇಲಾಖೆಯನ್ನು ಕೇಳದೆ ಅದಕ್ಕೆ ಏನನ್ನೂ ಕುಡಿಸುವ ಅಧಿಕಾರ ನಮಗಿಲ್ಲ.

ತೊಟ್ಟಿ ಇಡಲೇಬೇಕೆಂದಿದ್ದರೆ ಕುರಿಗಳಿಗೆ ಇಡಿ, ಹೊಂಡದಿಂದ ದೂರ, ಗಟ್ಟಿ ನೆಲದ ಮೇಲೆ.

ಎರೆಹೊಲ, ಕುಕನೂರು ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಹದಿನೈದು ದಿನಗಳಲ್ಲಿ ನಡೆದದ್ದನ್ನು ತಿಳಿಸುತ್ತೇನೆ. ಪರೀಕ್ಷೆ ಮಾಡಿದ ವೈದ್ಯರನ್ನು ಕೇಳಿದೆ. ಚಿಗರಿಯ ಹೃದಯದ ಕೊಬ್ಬು ಅಂಟಾಗಿತ್ತು, ಹೊಟ್ಟೆಯಲ್ಲಿ ನೀರೂ ಇತ್ತು ಎಂದರು. ಹನ್ನೆರಡು ಕುರಿಗಳ ಹಿಕ್ಕೆ ಕೊಟ್ಟಿದ್ದೆ, ಒಂಬತ್ತರಲ್ಲಿ ಮೊಟ್ಟೆ ವಿಪರೀತ ಇದೆಯಂತೆ. ನಾವು ಮೂರು ವರ್ಷದಿಂದ ಒಂದೇ ಔಷಧಿಯನ್ನು, ಮರಿಗೂ ದೊಡ್ಡ ಟಗರಿಗೂ ಒಂದೇ ಮುಚ್ಚಳದ ಅಳತೆಯಲ್ಲಿ ಕುಡಿಸುತ್ತಿದ್ದೆವು. ಅದನ್ನು ಕೇಳಿ ವೈದ್ಯರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಬೇರೆ ಗುಂಪಿನ ಔಷಧಿ ಬರೆದುಕೊಟ್ಟು, ತೂಗಿ ನೋಡಿ ಕೊಡಲು ಹೇಳಿದ್ದಾರೆ. ಹತ್ತಿ ತೂಗುವ ತಕ್ಕಡಿಗೆ ಗೋಣಿಚೀಲ ಕಟ್ಟಿ ತೂಗಿದೆವು; ನಾನು 25 ಕಿಲೋ ಎಂದುಕೊಂಡಿದ್ದ ಕುರಿ 34 ಕಿಲೋ ಇತ್ತು.

ಗದ್ದ ಬಾತಿದ್ದ ಮರಿಗಳಲ್ಲಿ ಎರಡು ಉಳಿಯಲಿಲ್ಲ. ಉಳಿದವುಗಳ ಚೀಲ ಇಳಿದಿದೆ. ಹೊಂಡದ ಬುಡಕ್ಕೆ ಜಾಲಿಮುಳ್ಳು ಹಾಕಿ ಕುರಿಗಳನ್ನು ತಡೆದಿದ್ದೇವೆ, ನೀರನ್ನು ಪೈಪಿನಿಂದ ಮೇಲಿನ ಮಸಾರಿ ನೆಲದ ತೊಟ್ಟಿಗೆ ಬಿಟ್ಟಿದ್ದೇವೆ. ಮುಳ್ಳು ಚಿಗರಿಗಳನ್ನು ತಡೆಯುವುದಿಲ್ಲ, ಹಾರಿ ಬರುತ್ತವೆ. ನಾಯಿಗೆ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ಕೊಟ್ಟರೆ ರೊಟ್ಟಿ ತಿಂದು ಗುಳಿಗೆ ಉಗುಳಿತು, ಕೊನೆಗೆ ಬೆಲ್ಲದ ಉಂಡೆಯಲ್ಲಿ ನುಂಗಿತು. ಮೊನ್ನೆ ಕುರಿಗಳಿಗೆ ಔಷಧಿ ಕುಡಿಸಿದ್ದಾಯಿತು. ಕುಡಿಸಿದ ಕೂಡಲೇ ಹೊಸ ಹೊಲಕ್ಕೆ ಮಂದೆ ಸಾಗಿಸಬಹುದೇ? ಎರಡನೆಯ ಪರೀಕ್ಷೆಗೆ ಹಿಕ್ಕೆ ಯಾವಾಗ ಕೊಡಬೇಕು?

ನಿವೃತ್ತ ಪಶುವೈದ್ಯ, ರಾಯಚೂರು

ಕೂಡಲೇ ಸಾಗಿಸಬೇಡಿ. ಔಷಧಿಗೆ ಬಗ್ಗದೆ ಉಳಿದ ಹುಳುಗಳ ಮೊಟ್ಟೆಗಳೇ ಹೊಸ ಹೊಲಕ್ಕೆ ಮೊದಲು ಬೀಳುತ್ತವೆ. ಕೆಲವು ದಿನ ಹಳೆಯ ಜಾಗದಲ್ಲಿಯೇ, ಹೊಂಡ ಬಿಟ್ಟು ಮೇಯಿಸಿ. ರೆಪ್ಪೆ ಕೆಂಪಾಗಿದ್ದ ಕುರಿಗಳಿಗೆ ಔಷಧಿ ಕೊಡದೆ ಬಿಟ್ಟಿದ್ದರೆ ಒಳ್ಳೆಯದೇ ಆಯಿತು. ಔಷಧಿಗೆ ಬಗ್ಗುವ ಹುಳುಗಳ ಸಂತತಿ ಅವುಗಳಲ್ಲಿ ಉಳಿಯುತ್ತದೆ.

ಔಷಧಿ ಕೊಟ್ಟ 14ನೆಯ ದಿನಕ್ಕೆ ಅದೇ ಹನ್ನೆರಡು ಕುರಿಗಳ ಹಿಕ್ಕೆ ಕೊಡಿ, ಬೇರೆಯವುಗಳದ್ದು ಬೇಡ. ನೆಲದಿಂದ ಆಯದೆ, ಕೈಚೀಲ ಹಾಕಿಕೊಂಡು ನೇರವಾಗಿ ಗುದದಿಂದ ತೆಗೆಯಿರಿ. ಪ್ರತಿಯೊಂದನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಗಾಳಿಯಾಡದ ಹಾಗೆ ಕಟ್ಟಿ, ಕಿವಿಯ ಸಂಖ್ಯೆ ಬರೆದು, ಅಂದೇ ತಲುಪಿಸಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ ಮೊಟ್ಟೆಗಳು ದಾರಿಯಲ್ಲೇ ಒಡೆದು, ಎಣಿಸಲು ಏನೂ ಉಳಿಯುವುದಿಲ್ಲ.